ಹಾಸಿಗೆ ಸಿಕ್ಕಮೇಲೆ ಹಾದಿ

ಆಲ್ಪ್ಸ್‌ನ ಮೋಂ ಬ್ಲಾಂ ಶಿಖರಕ್ಕೆ ದಾರಿ ಹುಡುಕಿಕೊಟ್ಟವರಿಗೆ ಬಹುಮಾನ ಕೊಡುತ್ತೇನೆಂದು ಜಿನೀವಾದ ವಿಜ್ಞಾನಿ ಸೊಸ್ಯೂರ್ 1760ರಲ್ಲೇ ಸಾರಿದ್ದ. ಆದರೆ 1767ರಲ್ಲಿ ಅವನು ಮಾಡಿದ್ದು ಬೇರೆಯೇ: ಆ ಪರ್ವತಕ್ಕೆ ಒಂದು ಸುತ್ತು ಬಂದ. ಶಿಖರ ಏರಿದ್ದು ಇಪ್ಪತ್ತು ವರ್ಷಗಳ ಮೇಲೆ.

ಇಂದು ಆ ಸುತ್ತುಹಾದಿ ಸುಮಾರು 170 ಕಿಲೋಮೀಟರ್. ಫ್ರಾನ್ಸಿನ ಲೇ ಊಷ್ ಊರಿನಿಂದ ಹೊರಟು, ಇಟಲಿ, ಸ್ವಿಟ್ಜರ್ಲೆಂಡ್ ದಾಟಿ, ಹತ್ತು ಹನ್ನೊಂದು ದಿನಕ್ಕೆ ಮರಳಿ ಅಲ್ಲಿಗೇ ಬರುತ್ತದೆ. ಹೆಚ್ಚಿನವರು ಪರ್ವತವನ್ನು ಎಡಗೈಗೆ ಇಟ್ಟುಕೊಂಡು ನಡೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣೆ. ಏರುಗಳನ್ನೆಲ್ಲ ಕೂಡಿಸಿದರೆ ಹತ್ತು ಸಾವಿರ ಮೀಟರ್ ಆಸುಪಾಸು.

ಯೋಜನೆ ಶುರುವಾಗಬೇಕಾದದ್ದು ನಕ್ಷೆಯಿಂದಲ್ಲ, ಹಾಸಿಗೆಯಿಂದ. ಬೆಟ್ಟದ ತಂಗುಮನೆಗಳು ತೆರೆದಿರುವುದು ಹೆಚ್ಚುಕಡಿಮೆ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಕಂಡಕಂಡಲ್ಲಿ ಟೆಂಟ್ ಹೊಡೆಯಲು ಅನುಮತಿಯಿಲ್ಲ. ಪರ್ವತಾರೋಹಿ ವಾಲ್ಟರ್ ಬೊನಾಟಿಯ ಹೆಸರಿನ ತಂಗುಮನೆಯ ಎದುರಿಗೇ ಗ್ರಾಂಡ್ ಜೊರಾಸ್ ಪರ್ವತದ ಕಲ್ಲುಗೋಡೆ ನಿಂತಿದೆ. ಅಂಥ ಜಾಗ ತಿಂಗಳುಗಳ ಮೊದಲೇ ಭರ್ತಿ. ಆದ್ದರಿಂದ ಸಿಗಲು ಕಷ್ಟವಾದ ರಾತ್ರಿಯನ್ನು ಮೊದಲು ಕಾಯ್ದಿರಿಸಿ, ಉಳಿದ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸುವುದೇ ಜಾಣತನ. ಇಲ್ಲಿಂದ ಹೋಗುವವರಿಗೆ ಇನ್ನೊಂದು ಉಪಯೋಗವೂ ಉಂಟು: ಷೆಂಗೆನ್ ವೀಸಾ ಅರ್ಜಿಯಲ್ಲಿ ವಾಸ್ತವ್ಯದ ಪುರಾವೆ ಕೇಳುತ್ತಾರೆ.

ದಿನದ ನಡಿಗೆಯನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆದರೆ ಮೋಸಹೋಗುತ್ತೇವೆ. ಆಲ್ಪ್ಸ್‌ನಲ್ಲಿ ಒಂದು ಲೆಕ್ಕವಿದೆ. ಗಂಟೆಗೆ ನಾಲ್ಕು ಕಿಲೋಮೀಟರ್ ದೂರ, ಇಲ್ಲವೇ ಮುನ್ನೂರು ಮೀಟರ್ ಏರು. ಎರಡನ್ನೂ ಬೇರೆಬೇರೆ ಲೆಕ್ಕಹಾಕಿ, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಬೇಕು. ಕೂರ್ಮಾಯರ್ ಪಟ್ಟಣದಿಂದ ಬೊನಾಟಿಗೆ ಸುಮಾರು ಹನ್ನೆರಡು ಕಿಲೋಮೀಟರ್; ಅಂದರೆ ಮೂರು ಗಂಟೆ. ಏರು ಒಂಬೈನೂರು ಮೀಟರಿನ ಹತ್ತಿರ. ಅದೂ ಮೂರು ಗಂಟೆ. ಒಟ್ಟು ನಾಲ್ಕೂವರೆ. ಊಟ, ಸುಧಾರಿಸಿಕೊಳ್ಳುವ ಹೊತ್ತು ಬೇರೆ.

ತಂಗುಮನೆಯಲ್ಲಿ ಸಂಜೆಯ ಕ್ರಮ ಸರಳ. ಬಾಗಿಲಲ್ಲೇ ಬೂಟು ಬಿಚ್ಚಬೇಕು. ಏಳರ ಹೊತ್ತಿಗೆ ಉದ್ದ ಮೇಜಿನಲ್ಲಿ ಎಲ್ಲರಿಗೂ ಒಟ್ಟಿಗೆ ಊಟ. ಮಲಗಲು ಜಾಗ, ಬೆಳಗಿನ ತಿಂಡಿ ಅದೇ ದರದಲ್ಲಿ ಸೇರಿರುತ್ತವೆ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು. ಕಂಬಳಿ ಅಲ್ಲಿಯವರು ಕೊಡುತ್ತಾರೆ, ಅದರೊಳಗೆ ನುಸುಳಿ ಮಲಗಲು ತೆಳುವಾದ ಬಟ್ಟೆಯ ಚೀಲ ನಾವೇ ಒಯ್ಯಬೇಕು. ಕೈಯಲ್ಲಿ ಯೂರೋ ಜೊತೆಗೆ ಸ್ವಿಸ್ ಫ್ರಾಂಕ್ ನೋಟುಗಳೂ ಇರಲಿ.

ಜೂನ್‌ನಲ್ಲಿ ಎತ್ತರದ ಕಣಿವೆಮಾರ್ಗಗಳಲ್ಲಿ ಹಿಮ ಉಳಿದಿರುತ್ತದೆ. ನಡುಬೇಸಿಗೆಯಲ್ಲಿ ಮಧ್ಯಾಹ್ನ ಕಳೆದರೆ ಗುಡುಗು ಸಿಡಿಲಿನ ಭಯ. 2,537 ಮೀಟರ್ ಎತ್ತರದ ಗ್ರಾಂ ಕೋಲ್ ಫೆರೆ ಕಣಿವೆಮಾರ್ಗವನ್ನು ಹೊತ್ತಿಗೆ ಮುಂಚೆ ದಾಟಿಬಿಡಬೇಕು. ಹಾಗಾಗಿ ಅರ್ಧ ಹಾದಿಯ ಕೂರ್ಮಾಯರಿನಲ್ಲಿ ಒಂದು ದಿನ ಖಾಲಿ ಬಿಡುವುದು ಒಳ್ಳೆಯದು. ಮಳೆ ಹಿಡಿದರೆ ಕಾಯಬಹುದು; ಬಿಸಿಲಿದ್ದರೆ ಬಟ್ಟೆ ಒಗೆದು ಒಣಗಿಸಬಹುದು.