ಪಂಜರದ ಕೋತಿಗೂ ಜೊತೆ ಬೇಕು



ಇಂದು ನಾನು ಕೋತಿಗಳ ಬಗ್ಗೆ ಮಾತನಾಡುತ್ತೇನೆಂದರೆ ನಿಮಗೆ ನಗು ಬರಬಹುದು. ಆದರೆ 2020ರಲ್ಲಿ ಕೊವ್ಯಾಕ್ಸಿನ್ ಲಸಿಕೆಯನ್ನು 20 ರೀಸಸ್ ಕೋತಿಗಳ ಮೇಲೆ ಪರೀಕ್ಷಿಸಲಾಯಿತು. ಆ ಲಸಿಕೆ ಹಾಕಿಸಿಕೊಂಡವರು ನಮ್ಮಲ್ಲೂ ಇದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಅವರ ತಂಡ ಸಂತಾನ ನಿಯಂತ್ರಣದ ಸಂಶೋಧನೆಗೆ ಬಳಸಿದ್ದು ದಕ್ಷಿಣ ಭಾರತದ ಬಾನೆಟ್ ಕೋತಿಗಳನ್ನೇ. ಈ ಮೂಕ ಪ್ರಾಣಿಗಳ ಋಣ ನಮ್ಮ ಮೇಲಿದೆ.

ಬೇರೆ ದಾರಿಯಿದ್ದರೆ ಕೋತಿಯನ್ನು ಬಳಸಬಾರದು. ಬಳಸಲೇಬೇಕಾದರೆ ಅದನ್ನು ಹೇಗೆ ಇಡಬೇಕು? ಕೋತಿ ಗುಂಪಿನಲ್ಲಿ ಬಾಳುವ ಜೀವಿ. ಒಂದರ ಮೈಕೂದಲನ್ನು ಇನ್ನೊಂದು ಹೆಕ್ಕುವುದು ಅವುಗಳ ಸ್ನೇಹದ ಭಾಷೆ. ಒಂಟಿ ಪಂಜರದಲ್ಲಿಟ್ಟ ಕೋತಿ ಸುಮ್ಮನೆ ಸುತ್ತುತ್ತದೆ, ತನ್ನ ಕೂದಲನ್ನೇ ಕೀಳುತ್ತದೆ, ತನ್ನನ್ನೇ ಕಚ್ಚಿಕೊಳ್ಳುತ್ತದೆ. ದೀರ್ಘಕಾಲದ ಒತ್ತಡ ರೋಗನಿರೋಧಕ ಶಕ್ತಿಯನ್ನೂ ಏರುಪೇರು ಮಾಡುತ್ತದೆ. ಅಂಥ ಪ್ರಾಣಿಯಿಂದ ಬಂದ ಫಲಿತಾಂಶವನ್ನು ನಂಬುವುದಾದರೂ ಹೇಗೆ?

ಪರಿಹಾರ ಕಷ್ಟದ್ದಲ್ಲ. ಮರಿಯನ್ನು ತಾಯಿಯಿಂದ ಬೇಗ ಬೇರ್ಪಡಿಸಬಾರದು. ಹೊಸ ಜೋಡಿಯನ್ನು ಮೊದಲು ಜಾಲರಿಯ ಆಚೀಚೆ ಇಟ್ಟು ಪರಿಚಯ ಮಾಡಿಸಿ, ಹೊಂದಿಕೊಂಡ ಮೇಲೆ ಕೂಡಿಸಬೇಕು. ಜಗಳವಾಡಿದರೆ ಬೇರೆ ಜೊತೆ ಹುಡುಕಬೇಕು. ಹೆದರಿದ ಕೋತಿ ಮೇಲಕ್ಕೆ ಓಡುತ್ತದೆ. ಆದ್ದರಿಂದ ಎತ್ತರದ ಅಟ್ಟಣೆ, ಮರೆಯಾಗಲು ಜಾಗ ಬೇಕು. ಬಲಶಾಲಿಯೊಂದೇ ಎಲ್ಲವನ್ನೂ ಕಬಳಿಸದಂತೆ ಆಹಾರವನ್ನು ಹಲವು ಕಡೆ ಇಡಬೇಕು.

ಪವಿತ್ರ ಕುರ್‌ಆನಿನ ಅಲ್-ಅನ್‌ಆಮ್ ಅಧ್ಯಾಯದ 38ನೇ ವಚನವು ಪ್ರಾಣಿ ಪಕ್ಷಿಗಳನ್ನೂ ನಮ್ಮಂತೆಯೇ ಸಮುದಾಯಗಳೆಂದು ಕರೆಯುತ್ತದೆ. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ನೀವೆಲ್ಲ ಕೇಳಿದ್ದೀರಿ. ಸಮುದಾಯದಲ್ಲಿ ಬಾಳುವ ಜೀವಿಗೆ ಅನ್ನ ನೀರು ಕೊಟ್ಟು ಜೊತೆಯನ್ನು ಕಸಿದುಕೊಂಡರೆ, ಅದೂ ಒಂದು ಬಗೆಯ ಉಪವಾಸವೇ ಎಂಬುದು ನನ್ನ ಅನಿಸಿಕೆ.

ವಿದ್ಯಾರ್ಥಿಗಳೇ, ನಮ್ಮ ಮಹದೇವಪುರ, ವೈಟ್‌ಫೀಲ್ಡ್ ಸುತ್ತಮುತ್ತ ಔಷಧ ಮತ್ತು ಜೈವಿಕ ತಂತ್ರಜ್ಞಾನದ ಕಂಪನಿಗಳಿವೆ. ನಾಳೆ ನಿಮ್ಮಲ್ಲಿ ಕೆಲವರು ಪ್ರಯೋಗಾಲಯ ಸೇರುವಿರಿ. ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯ ನೀತಿ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯರೂ ಇರಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಆದ್ದರಿಂದ ಉರ್ದು, ಕನ್ನಡ ಓದಿದವರಿಗೂ ಅಲ್ಲಿ ಸ್ಥಾನವುಂಟು. ಆ ಕುರ್ಚಿಯಲ್ಲಿ ಕುಳಿತ ದಿನ ತಪ್ಪದೆ ಕೇಳಿರಿ: "ಈ ಕೋತಿಗೆ ಜೊತೆ ಯಾರು?"