ಕಟ್ಟಿಗೆಗೆ ಬಿಸಿಲಿನ ಕಾವು

1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಸೌದೆಯಿಂದ ವಿದ್ಯುತ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಲ್ಲಿ ಗ್ಯಾಸಿಫೈಯರ್ ಸ್ಥಾಪಿಸಿತ್ತು. ಕಟ್ಟಿಗೆ ತುಂಡುಗಳಿಂದ ಹೊರಟ ಅನಿಲ ಡೀಸೆಲ್ ಜೊತೆ ಸೇರಿ ಎಂಜಿನ್ ಓಡಿಸಿತು. ಮನೆಗಳ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿಗೆಲ್ಲ ಅದೇ ಆಧಾರವಾಯಿತು.

ಆದರೆ ಇಂಥ ಯಾವ ಗ್ಯಾಸಿಫೈಯರ್‌ಗೂ ಒಂದು ಖರ್ಚು ತಪ್ಪಿದ್ದಲ್ಲ. ಕಟ್ಟಿಗೆ ಅನಿಲವಾಗಲು ಬೇಕಾದ ಕಾವಿಗೆ ಅದೇ ಕಟ್ಟಿಗೆಯಲ್ಲಿ ಒಂದಿಷ್ಟನ್ನು ಸುಡಬೇಕು. 12 ಗ್ರಾಂ ಇಂಗಾಲ ನೀರಾವಿಯೊಡನೆ ಸೇರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕವಾಗುವಾಗ ಸುಮಾರು 131 ಕಿಲೋಜೂಲ್ ಶಾಖ ಹೀರುತ್ತದೆ. ಅಷ್ಟೇ ಇಂಗಾಲ ಪೂರ್ತಿ ಉರಿದರೆ ಸಿಗುವುದು ಸುಮಾರು 394 ಕಿಲೋಜೂಲ್. ಒಂದಿಷ್ಟೂ ಕಾವು ಪೋಲಾಗದಿದ್ದರೂ, ಮೂರು ಪಾಲು ಇಂಗಾಲವನ್ನು ಅನಿಲ ಮಾಡಲು ಒಂದು ಪಾಲನ್ನು ಬೆಂಕಿಗೆ ಹಾಕಲೇಬೇಕು.

ಆ ಪಾಲನ್ನು ಉಳಿಸಲು ವಿಜ್ಞಾನಿಗಳು ಸೂರ್ಯನ ಕಡೆ ತಿರುಗಿದರು.

ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ ಓದೆಯೊ ಎಂಬ ಊರಿದೆ. ಅಲ್ಲಿನ ಇಳಿಜಾರಿನಲ್ಲಿ ನಿಂತ 63 ಚಲಿಸುವ ಕನ್ನಡಿಗಳು ಬಿಸಿಲನ್ನು ಎದುರಿನ ಕಟ್ಟಡದ ಬೃಹತ್ ಬಾಗುಗನ್ನಡಿಗೆ ತಿರುಗಿಸುತ್ತವೆ. ಕಿರಣಗಳು ಕೂಡುವ ಜಾಗದಲ್ಲಿ ಉಷ್ಣತೆ 3000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಕಟ್ಟಿಗೆಗೆ ಅಷ್ಟೆಲ್ಲ ಬೇಡ. ಅಲ್ಲಿನ ಪ್ರಯೋಗಾಲಯದ ಸಣ್ಣ ಸೌರಕುಲುಮೆಗಳಲ್ಲಿ ಮರದ ಚೂರುಗಳಿಗೆ ನೀರಾವಿ ಸೇರಿಸಿ, 1100ರಿಂದ 1400 ಡಿಗ್ರಿಯವರೆಗೆ ಕಾಯಿಸಿ ನೋಡಿದ್ದಾರೆ. ಈ ಕಾವಿನಲ್ಲಿ ಎಂಜಿನ್ನಿಗೆ ಶತ್ರುವಾದ ಟಾರು ಬಹುಮಟ್ಟಿಗೆ ಒಡೆದು ಹೋಗುತ್ತದೆ. ಹೀರಿಕೊಂಡ ಬಿಸಿಲಿನ ಶಕ್ತಿಯೂ ಅನಿಲದೊಳಗೆ ಉಳಿಯುತ್ತದೆ. ಈ ವಿಧಾನದ ನಿಜವಾದ ಸೊಗಸು ಇರುವುದು ಇಲ್ಲಿಯೇ. ಮುಂದೆ ಆ ಅನಿಲವನ್ನು ಡೀಸೆಲ್‌ನಂಥ ದ್ರವ ಇಂಧನ ಮಾಡುವ ದಾರಿಯನ್ನು ಜರ್ಮನಿಯಲ್ಲಿ ಫ್ರಾಂಟ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ 1920ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ತೊಡಕುಗಳೂ ಇವೆ. ಬಿಸಿಲನ್ನು ಒಳಬಿಡುವ ಕ್ವಾರ್ಟ್ಜ್ ಕಿಟಕಿಗೆ ಮಸಿ ಕಟ್ಟಿಕೊಂಡರೆ ಬೆಳಕು ತಗ್ಗುತ್ತದೆ. ಕನ್ನಡಿಗಳ ಬೆಲೆಯೂ ಹಗುರವಲ್ಲ.

ಅಮೆರಿಕದ ಕೊಲರಾಡೊದಲ್ಲಿ ಸನ್‌ಡ್ರಾಪ್ ಫ್ಯೂಯೆಲ್ಸ್ ಎಂಬ ಕಂಪನಿ ಗೋಪುರ ಕಟ್ಟಿ, ಕನ್ನಡಿಗಳ ಸಾಲು ಹೂಡಿ ಈ ಕೆಲಸಕ್ಕೆ ಇಳಿದಿತ್ತು. 2011ರಲ್ಲಿ ನೈಸರ್ಗಿಕ ಅನಿಲದ ದೊಡ್ಡ ಕಂಪನಿ ಚೆಸಪೀಕ್ ಎನರ್ಜಿ ಅದರಲ್ಲಿ 15.5 ಕೋಟಿ ಡಾಲರ್ ಹೂಡಲು ಮುಂದಾಯಿತು. ಸನ್‌ಡ್ರಾಪ್ ಬಿಸಿಲನ್ನು ಬಿಟ್ಟು ನೈಸರ್ಗಿಕ ಅನಿಲದ ಕಾವಿಗೆ ಹೊರಳಿತು. ಆಗ ಅಲ್ಲಿ ಆ ಅನಿಲ ಬಲು ಅಗ್ಗ. ಭೂಗರ್ಭದ ಇಂಗಾಲವನ್ನು ಮತ್ತೆ ಗಾಳಿಗೆ ಬಿಡುವ ಆ ಹೊರಳುವಿಕೆಯನ್ನು ಹಿನ್ನಡೆಯೆಂದೇ ಕರೆಯಬೇಕು.

ಮೋಡ ಮತ್ತು ರಾತ್ರಿಯ ಸಮಸ್ಯೆಗೆ ಓದೆಯೊದ ಪ್ರಯೋಗಗಳಲ್ಲಿ ಒಂದು ಮಾರ್ಗ ಕಾಣಿಸಿದೆ. ಬಿಸಿಲು ಕುಂದಿದಾಗ ಕುಲುಮೆಗೆ ಸ್ವಲ್ಪ ಆಮ್ಲಜನಕ ಬಿಟ್ಟರೆ ಕಟ್ಟಿಗೆಯ ಒಂದು ಭಾಗ ಉರಿದು ಉಷ್ಣತೆಯನ್ನು ಕಾಯುತ್ತದೆ. ದ್ರವ ಇಂಧನದ ಘಟಕ ಹಗಲಿರುಳು ಒಂದೇ ಸಮನೆ ಅನಿಲ ಬೇಡುವುದರಿಂದ, ಬಿಸಿಲು ಬೆಂಕಿ ಎರಡನ್ನೂ ಕೂಡಿಸುವ ಈ ಮಾರ್ಗವೇ ಹೆಚ್ಚು ಕಾರ್ಯಸಾಧ್ಯವೆನಿಸುತ್ತದೆ.