ಹೊಗೆಯೂ ಕಟ್ಟಿಗೆಯೇ

(ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸ)



ಸಾಫ್ಟ್‌ವೇರ್‌ನವನಿಗೆ ಒಲೆಯ ಸುದ್ದಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಅಡಿಗೆಗೆ ಗ್ಯಾಸ್ ಬಂದ ಮೇಲೂ ನಮ್ಮ ಕನ್ಯಾನದ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಹಂಡೆಯಡಿ ಬೆಂಕಿ ಆರಿಲ್ಲ. ಅದಕ್ಕೇ ಈ ವಿಷಯ.

ಕಟ್ಟಿಗೆ ಉರಿಯುತ್ತದೆ ಎನ್ನುತ್ತೇವೆ. ಆದರೆ ಜ್ವಾಲೆಯಾಗಿ ಉರಿಯುವುದು ಕಟ್ಟಿಗೆಯಲ್ಲ, ಅದರಿಂದ ಹೊರಟ ಅನಿಲ. ಬಿಸಿಯೇರಿದಂತೆ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮರದ ಸೆಲ್ಯುಲೋಸ್, ಲಿಗ್ನಿನ್ ಒಡೆದು ಅನಿಲಗಳೂ ಡಾಮರಿನಂಥ ಆವಿಯೂ ಹೊರಬರುತ್ತವೆ. ಇವು ಆಮ್ಲಜನಕದೊಡನೆ ಸೇರಿ ಉರಿದರೆ ಜ್ವಾಲೆ, ಉರಿಯದೆ ಹೋದರೆ ಹೊಗೆ. ಹಿಂದೆ ಉಳಿದ ಇಂಗಾಲವೇ ಕೆಂಡ. ಊದುಕೊಳವೆಯಿಂದ ಊದಿದಾಗ ಹೊಗೆಯೇ ಭಗ್ಗನೆ ಹೊತ್ತಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ.

ಈಗ ಹಸಿ ಕಟ್ಟಿಗೆಯ ಲೆಕ್ಕ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕಿಲೋ ಕಟ್ಟಿಗೆಯ ಅರ್ಧ ಕಿಲೋ ನೀರನ್ನು ಆವಿ ಮಾಡಲು ಸುಮಾರು 300 ಕಿಲೋಕ್ಯಾಲೊರಿ ಬೇಕು. ಒಣಭಾಗ ಪೂರ್ತಿ ಉರಿದರೆ 2000ಕ್ಕೂ ಹೆಚ್ಚು ಕೊಡಬಲ್ಲುದು. ಹಾಗಾದರೆ ನಷ್ಟ ಏಳರಲ್ಲಿ ಒಂದು ಪಾಲು ಮಾತ್ರವೇ? ಅಲ್ಲ. ಆ ನೀರಿನಿಂದ ಒಲೆ ತಣ್ಣಗಾಗಿ, ಅನಿಲ ಹೊತ್ತಿಕೊಳ್ಳುವಷ್ಟು ಬಿಸಿಯೇ ಸಿಗುವುದಿಲ್ಲ. ನಾವು ತಲೆಹೊರೆಯಲ್ಲಿ ತಂದದ್ದು ಹೊಗೆಯಾಗಿ ಮಾಡು ಸೇರುತ್ತದೆ. ಒಂದಿಷ್ಟು ಅಮ್ಮಂದಿರ ಶ್ವಾಸಕೋಶವನ್ನೂ ಸೇರುತ್ತದೆ. ಮಳೆಗಾಲಕ್ಕೆ ಮೊದಲೇ ಕೊಟ್ಟಿಗೆಯಲ್ಲಿ ಕಟ್ಟಿಗೆ ಪೇರಿಸಿಡುವ ಅಜ್ಜಿಯಂದಿರು ಈ ಲೆಕ್ಕ ಬಲ್ಲವರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಅಸ್ತ್ರ ಒಲೆಯನ್ನು ರೂಪಿಸಿದರು. ಕಟ್ಟಿಗೆಯಡಿ ಜಾಲರಿ, ಅದರ ಕೆಳಗಿನಿಂದ ಗಾಳಿ, ಹೊಗೆ ಹೋಗಲು ಚಿಮಣಿ. ಅಂಥ ದೊಡ್ಡ ವಿಜ್ಞಾನಿಗಳು ಹಳ್ಳಿಯ ಒಲೆಯ ಮುಂದೆ ಕುಳಿತದ್ದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಮಕ್ಕಳೇ, ಒಂದು ಮಾತು ಮನೆಯಲ್ಲಿ ಹೇಳಿ. ಹೊಗೆಯಿಲ್ಲದ ಕೆಂಡ ನಿರಪಾಯ ಅಲ್ಲ. ಗಾಳಿ ಸಾಲದಿದ್ದರೆ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಬಚ್ಚಲಿನ ಒಳಗೇ ಒಲೆ ಇದ್ದರೆ, ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದಿದ್ದರೆ, ಕಿಟಕಿ ಮುಚ್ಚಬೇಡಿ. ತಲೆ ನೋಯತೊಡಗಿದರೆ, ಸುತ್ತು ಬಂದರೆ, ಸ್ನಾನ ಅರ್ಧಕ್ಕೇ ಬಿಟ್ಟು ಹೊರಗೆ ಬನ್ನಿ.